ಹಳೇ ಜೀಪಿನ ಬ್ರೇಕ್ ಹಿಡೀತಿಲ್ವಾ? ಪಾರ್ಟ್ ತರುವ ಮೊದಲು ಪೆಡಲ್ ತುಳಿದು ನೋಡಿ

ಚಂದ್ರಂಪಳ್ಳಿ ಡ್ಯಾಮ್ ನೋಡಿಕೊಂಡು ಚಿಂಚೋಳಿ ಕಾಡಿನ ದಾರಿಯಲ್ಲಿ ಕೆಳಗೆ ಇಳಿಯುತ್ತಿದ್ದೆವು. ಮುಂದೆ ಒಂದು ಟ್ರ್ಯಾಕ್ಟರ್. ಬ್ರೇಕ್ ತುಳಿದೆ. ಪೆಡಲ್ ಕಲ್ಲಿನಂತೆ ಗಟ್ಟಿ, ಜೀಪ್ ಮಾತ್ರ ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಸೆಕೆಂಡ್ ಗೇರಿಗೆ ಎಳೆದು, ಸೀಟಿನಿಂದ ಅರ್ಧ ಎದ್ದು, ಮೈಭಾರವೆಲ್ಲ ಕಾಲಿಗೆ ಹಾಕಿದಾಗ ಟ್ರೇಲರ್‌ಗೆ ಒಂದು ಮೊಳ ಇರುವಾಗ ನಿಂತಿತು. ಹಿಂದೆ ಕೂತಿದ್ದ ಅಳಿಯ, "ಮಾಮಾ, ಬ್ರೇಕ್ ಹಚ್ಚೀರೋ ಇಲ್ಲೋ?" ಅಂದ.

ಮರುದಿನ ಕಲಬುರಗಿಯಲ್ಲಿ ಒಂದು ಗ್ಯಾರೇಜಿಗೆ ಹೋದೆ. ಗಾಡಿ ಓಡಿಸಿ ನೋಡದೇ, "ಮಾಸ್ಟರ್ ಸಿಲಿಂಡರ್ ಹೋಗ್ಯಾದ" ಅಂದರು. ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ಒತ್ತುವ ಪಂಪ್ ಅದು. ಹಾಕಿಸಿದೆ. 2,800 ರೂಪಾಯಿ ಕೊಟ್ಟು ಹೊರಗೆ ಬಂದು ರಿಂಗ್ ರೋಡಿನಲ್ಲಿ ಬ್ರೇಕ್ ತುಳಿದರೆ ಅದೇ ಕಲ್ಲು ಪೆಡಲ್. ಆಮೇಲೆ ಪರಿಚಯದ ಹಳೇ ಉಸ್ತಾದ್ ಒಬ್ಬರ ಹತ್ತಿರ ಹೋದೆ. ಅವರು ಬಾನೆಟ್ ಎತ್ತಲೇ ಇಲ್ಲ. ಮೊದಲು ಕೇಳಿದ್ದು ಒಂದೇ: "ಪೆಡಲ್ ಹ್ಯಾಂಗ ಅದರೀ? ಗಟ್ಟಿ ಅದನೋ, ಮೆತ್ತಗ ಅದನೋ, ಇಲ್ಲಾ ಕೆಳಗ ಹೋಗ್ತದನೋ?"

ಆ ಪ್ರಶ್ನೆಗೆ ಉತ್ತರ ಗೊತ್ತಿದ್ದಿದ್ದರೆ ನನ್ನ 2,800 ಉಳಿಯುತ್ತಿತ್ತು. ಕೊನೆಗೆ ನನ್ನ ಜೀಪಿನಲ್ಲಿ ಸಿಕ್ಕಿದ್ದು ಒಂದಲ್ಲ, ಮೂರು ಸಣ್ಣ ದೋಷ. ಹಳೇ ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಹೀಗೇ. ಯಾವುದೋ ಒಂದು ದೊಡ್ಡ ಪಾರ್ಟ್ ಹೋಗಿರುವುದು ಕಡಿಮೆ. ಅಲ್ಲೊಂದು ಇಲ್ಲೊಂದು ಸೇರಿಕೊಂಡು ಬ್ರೇಕ್ ಸೋತಿರುತ್ತದೆ. ಅದಕ್ಕೇ ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ, ಕೈ ಮೈಲಿ ಆಗುವ ಕೆಲಸಕ್ಕೆ ಆಮೇಲೆ ಬರಬೇಕು.

ಗಾಡಿ ಮುಟ್ಟುವ ಮೊದಲು

ನಮ್ಮ ಕಲಬುರಗಿ, ಯಾದಗಿರಿ ಕಡೆ ನೆಲ ಬಹುತೇಕ ತಟ್ಟೆಯಂಥದು. ಬ್ರೇಕ್ ಅರ್ಧ ಹೋಗಿದ್ದರೂ ಊರೊಳಗೆ ತಿಳಿಯುವುದಿಲ್ಲ. ಆಕ್ಸಲರೇಟರ್ ಬಿಟ್ಟರೆ ಸಾಕು, ಗಾಡಿ ತಾನೇ ನಿಧಾನ ಆಗುತ್ತದೆ. ಚಿಂಚೋಳಿ ಇಳುಕಲಿಗೋ ಬೀದರಿನ ದಿಬ್ಬದ ದಾರಿಗೋ ಹೋದಾಗಲೇ ಬಣ್ಣ ಬಯಲಾಗುವುದು. ಹಾಗಾಗಿ ಊರಲ್ಲಿ ಓಡಾಡುವಾಗ ಸರಿಯಾಗೇ ಇದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪರೀಕ್ಷೆಗೆ ಜನ, ದನ ಇಲ್ಲದ ನೇರ ರಸ್ತೆ ಹುಡುಕಿ. ಒಣಗಿರಬೇಕು, ಸಮ ಇರಬೇಕು. ಮೊದಲು 20 ಕಿ.ಮೀ. ವೇಗದಲ್ಲಿ ನಿಲ್ಲಿಸಿ ನೋಡಿ, ಅದು ಸರಿ ಅನಿಸಿದರೆ ಮಾತ್ರ 40ಕ್ಕೆ ಹೋಗಿ. ಪೆಡಲ್ ನೆಲ ಮುಟ್ಟುತ್ತಿದ್ದರೆ ರಸ್ತೆಗೇ ಇಳಿಯಬೇಡಿ.

ಇಲ್ಲಿ ಫೋರ್ ವೀಲ್ ಡ್ರೈವ್ ಗಾಡಿಯವರು ಮಾಡುವ ಒಂದು ತಪ್ಪು ಇದೆ. ಫೋರ್ ವೀಲ್ ಹಾಕಿಕೊಂಡು ಬ್ರೇಕ್ ಪರೀಕ್ಷೆ ಮಾಡುತ್ತಾರೆ. ಹಳೇ ಗಾಡಿಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಆಕ್ಸಲ್ ಹಿಂದಿನ ಆಕ್ಸಲ್ ಎರಡೂ ಟ್ರಾನ್ಸ್‌ಫರ್ ಕೇಸಿನಲ್ಲಿ (ಎಂಜಿನ್ ಬಲವನ್ನು ಮುಂದೆ ಹಿಂದೆ ಹಂಚುವ ಗೇರ್ ಪೆಟ್ಟಿಗೆ) ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಮುಂದಿನ ಬ್ರೇಕ್ ಪೂರ್ತಿ ಸತ್ತಿದ್ದರೂ ಹಿಂದಿನ ಬ್ರೇಕು ಶಾಫ್ಟ್ ಮೂಲಕ ಮುಂದಿನ ಚಕ್ರವನ್ನೂ ಹಿಡಿಯುತ್ತದೆ. ದೋಷ ಮುಚ್ಚಿಹೋಗುತ್ತದೆ. ಟೂ ವೀಲ್‌ನಲ್ಲೇ ಪರೀಕ್ಷೆ ಮಾಡಿ. ಮುಂದಿನ ಚಕ್ರದ ನಡುವಿನ ಹಬ್ಬಿಗೆ ಲಾಕ್ ಇದ್ದರೆ ಅದನ್ನೂ ಬಿಡಿಸಿ.

ಇನ್ನೊಂದು ಜೀವದ ಮಾತು. ಹಳೇ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರದಲ್ಲಿ ಇರುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ ಒಂದು ಸಣ್ಣ ಡ್ರಮ್ ಇರುತ್ತದೆ, ಅದು ಹಿಂದಿನ ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಈಗ ನೀವು ಹಿಂದಿನ ಒಂದು ಚಕ್ರ ಜಾಕಿ ಹಚ್ಚಿ ಎತ್ತಿದಿರಿ ಅಂದುಕೊಳ್ಳಿ. ಶಾಫ್ಟ್ ನಿಂತಿದ್ದರೂ ಡಿಫರೆನ್ಶಿಯಲ್ (ಆಕ್ಸಲಿನ ನಡುವಿನ ಗೇರುಗಳು) ಒಳಗೆ ಎತ್ತಿದ ಚಕ್ರ ಒಂದು ದಿಕ್ಕಿಗೆ, ನೆಲದ ಮೇಲಿನ ಚಕ್ರ ಇನ್ನೊಂದು ದಿಕ್ಕಿಗೆ ತಿರುಗಬಹುದು. ಅಂದರೆ ಹ್ಯಾಂಡ್ ಬ್ರೇಕ್ ಎಳೆದಿದ್ದರೂ, ಗೇರಿನಲ್ಲಿ ಇದ್ದರೂ, ಗಾಡಿ ಜಾಕಿಯಿಂದ ಉರುಳಿ ಬರುತ್ತದೆ. ಆದ್ದರಿಂದ ನೆಲದ ಮೇಲಿರುವ ಚಕ್ರಗಳಿಗೆ ಮುಂದೆ ಹಿಂದೆ ಎರಡೂ ಕಡೆ ದಪ್ಪ ಕಲ್ಲು ಕೊಡಿ. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಜಾಕಿ ನಂಬಿ ಕೆಳಗೆ ಮಲಗಬೇಡಿ. ಮನೆ ಮುಂದೆ ಶಹಾಬಾದ್ ಫರಸಿ ಹಾಕಿದ್ದರೆ ಸಮ ನೆಲ ಸಿಕ್ಕಿತು ಅಂತ ಖುಷಿ, ಆದರೆ ಆ ಕಲ್ಲು ನುಣುಪು. ಜಾಕಿ ಜಾರದ ಹಾಗೆ ಅಡಿಗೆ ಹಲಗೆ ಹಾಕಿ.

ಪೆಡಲ್ ಏನು ಹೇಳುತ್ತಿದೆ?

ಎಂಜಿನ್ ಚಾಲೂ ಇಟ್ಟು, ನಿಂತ ಗಾಡಿಯಲ್ಲೇ ನಿಧಾನಕ್ಕೆ ಪೆಡಲ್ ತುಳಿಯಿರಿ. ಬೂಟು ಬಿಚ್ಚಿ, ಬರಿಗಾಲಿನಲ್ಲಿ ತುಳಿದರೆ ಚೆನ್ನಾಗಿ ತಿಳಿಯುತ್ತದೆ.

ಪೆಡಲ್ ಮೇಲೇ ನಿಲ್ಲುತ್ತದೆ, ಗಟ್ಟಿ ಇದೆ, ಆದರೆ ಗಾಡಿ ನಿಲ್ಲುವುದಿಲ್ಲ ಅಂದರೆ ಬ್ರೇಕ್ ಆಯಿಲಿನ ಕಡೆ ಬಹುಶಃ ತೊಂದರೆ ಇಲ್ಲ. ನಿಮ್ಮ ಕಾಲಿನ ಬಲ ಚಕ್ರದವರೆಗೆ ಹೋಗುತ್ತಿದೆ. ಆದರೆ ಗಾಳಿಯ ಎಳೆತದಿಂದ ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಸಹಾಯ ಮಾಡುತ್ತಿಲ್ಲ, ಇಲ್ಲವೇ ಚಕ್ರದ ಜೊತೆ ತಿರುಗುವ ಡ್ರಮ್ಮನ್ನು ಅದರೊಳಗಿನ ಶೂಗಳು ಕಚ್ಚುತ್ತಿಲ್ಲ. ಶೂ ಮೇಲಿನ ಸವೆಯುವ ಪಟ್ಟಿ, ಅಂದರೆ ಲೈನರ್, ಗಾಜಿನಂತೆ ನುಣುಪಾಗಿರಬಹುದು, ಎಣ್ಣೆ ಕುಡಿದಿರಬಹುದು, ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದು ಕಚ್ಚಿರಬಹುದು.

ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಲೈನಿನಲ್ಲಿ ಏರ್ ಇದೆ. ಅಥವಾ ರಬ್ಬರ್ ಹೋಸ್ ಹಳೆಯದಾಗಿ ಒತ್ತಡಕ್ಕೆ ಬಲೂನಿನಂತೆ ಉಬ್ಬುತ್ತಿದೆ. ಒಬ್ಬರು ಪೆಡಲ್ ತುಳಿಯುತ್ತಿರುವಾಗ ಇನ್ನೊಬ್ಬರು ಹೋಸನ್ನು ಕೈಯಲ್ಲಿ ಹಿಡಿದುಕೊಂಡರೆ ಉಬ್ಬುವುದು ಬೆರಳಿಗೇ ಗೊತ್ತಾಗುತ್ತದೆ.

ಮೊದಲ ಸಲ ತುಳಿದಾಗ ಪೆಡಲ್ ಬಹಳ ಕೆಳಗೆ ಹೋಗುತ್ತದೆ, ಎರಡು ಮೂರು ಸಲ ಹೊಡೆದರೆ ಮೇಲೆ ಬಂದು ಗಟ್ಟಿ ಆಗುತ್ತದೆ. ನಮ್ಮ ಕಡೆ ಹಳೇ ಜೀಪು ಓಡಿಸುವವರಿಗೆ ಇದು ಅಭ್ಯಾಸವೇ ಆಗಿಬಿಟ್ಟಿರುತ್ತದೆ. "ಎರಡ್ ಸಲ ಹೊಡೀಬೇಕ್ರಿ, ಹಿಡೀತದ" ಅಂತ ಬೇರೆಯವರಿಗೆ ಕೀಲಿ ಕೊಡುವಾಗಲೇ ಹೇಳಿ ಕೊಡುತ್ತಾರೆ. ಹೆಚ್ಚಿನ ಸಲ ಇದು ಶೂಗಳು ಡ್ರಮ್ಮಿನಿಂದ ದೂರ ಹೋಗಿರುವ ಲಕ್ಷಣ. ಲೈನರ್ ಸವೆದಿದೆ, ಯಾರೂ ಅಡ್ಜಸ್ಟ್ ಮಾಡಿಲ್ಲ. ನಿಮ್ಮ ಗಾಡಿಯ ಹ್ಯಾಂಡ್ ಬ್ರೇಕ್ ಹಿಂದಿನ ಶೂಗಳನ್ನೇ ಎಳೆಯುವಂಥದ್ದಾದರೆ ಒಂದು ಸುಲಭ ಪರೀಕ್ಷೆ ಇದೆ. ಹ್ಯಾಂಡ್ ಬ್ರೇಕನ್ನು ಎರಡು ಮೂರು ಹಲ್ಲು ಎಳೆದು ಪೆಡಲ್ ತುಳಿಯಿರಿ. ಪೆಡಲ್ ಈಗ ಮೇಲೇ ನಿಂತರೆ ತಪ್ಪಿತಸ್ಥರು ಹಿಂದಿನ ಶೂಗಳೇ. ಒಂದು ಸ್ಪ್ಯಾನರಿನ ಕೆಲಸ, ಹೊಸ ಪಾರ್ಟ್ ಬೇಡ.

ಇನ್ನು, ಒಂದೇ ಸಮ ಒತ್ತಿ ಹಿಡಿದರೆ ಪೆಡಲ್ ನಿಧಾನಕ್ಕೆ, ಕೆಸರಿನಲ್ಲಿ ಕಾಲು ಇಳಿದ ಹಾಗೆ ಕೆಳಗೆ ಇಳಿಯುವುದು. ಒಂದು ನಿಮಿಷ ಹಿಡಿದು ನೋಡಿ. ಇಳಿಯುತ್ತಿದ್ದು ಹೊರಗೆ ಎಲ್ಲೂ ಸೋರಿಕೆ ಇಲ್ಲದಿದ್ದರೆ, ಆಗ ಮಾಸ್ಟರ್ ಸಿಲಿಂಡರ್ ಮೇಲೆ ಅನುಮಾನ ಪಡಿ. ಒಳಗಿನ ರಬ್ಬರ್ ವಾಷರ್ ಸವೆದು ಆಯಿಲ್ ಹಿಂದಕ್ಕೆ ಜಾರುತ್ತಿರುತ್ತದೆ. ನನ್ನ ಗಾಡಿಯಲ್ಲಿ ಈ ಲಕ್ಷಣ ಇರಲೇ ಇಲ್ಲ. ಆದರೂ ಬದಲಾಗಿದ್ದು ಅದೇ ಪಾರ್ಟು!

ಗಟ್ಟಿ ಪೆಡಲ್: ಬೂಸ್ಟರ್ ಮತ್ತು ವ್ಯಾಕ್ಯೂಮ್

ಬೂಸ್ಟರ್ ಇಲ್ಲದ ಹಳೇ ಜೀಪುಗಳೂ ಇವೆ. ಅವುಗಳಲ್ಲಿ ಪೆಡಲ್ ಸ್ವಲ್ಪ ಭಾರವೇ ಇರುತ್ತದೆ. ಮೊನ್ನೆವರೆಗೆ ಹೊಸ ಕಾರು ಓಡಿಸಿದವರಿಗೆ ಅದು ದೋಷ ಅನಿಸಬಹುದು, ದೋಷ ಅಲ್ಲ. ಮಾಸ್ಟರ್ ಸಿಲಿಂಡರ್ ಹಿಂದೆ ದೊಡ್ಡ ಕರಿ ಡಬ್ಬಿ ಇದ್ದರೆ ಬೂಸ್ಟರ್ ಇದೆ ಅಂತ ಅರ್ಥ. ವಿಲ್ಲೀಸ್ ಕಾಲದ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರೇ ಕಾಲ ಕೆಳಗೆ, ನೆಲದ ತಗಡಿನಡಿ ಇರುತ್ತದೆ. ಬಾನೆಟ್ ಎತ್ತಿ ಹುಡುಕಿದರೆ ಸಿಗುವುದಿಲ್ಲ.

ಬೂಸ್ಟರ್ ಪರೀಕ್ಷೆ ಎರಡು ನಿಮಿಷದ್ದು. ಎಂಜಿನ್ ಬಂದ್ ಮಾಡಿ. ಪೆಡಲನ್ನು ಐದಾರು ಸಲ ತುಳಿದು ಒಳಗೆ ಉಳಿದಿರುವ ವ್ಯಾಕ್ಯೂಮ್ (ಗಾಳಿಯ ಎಳೆತ) ಖಾಲಿ ಮಾಡಿ. ಪೆಡಲ್ ಗಟ್ಟಿ ಆಗುತ್ತದೆ. ಈಗ ಕಾಲು ಅದರ ಮೇಲೆ ಒತ್ತಿ ಇಟ್ಟುಕೊಂಡೇ ಸ್ಟಾರ್ಟ್ ಮಾಡಿ. ಬೂಸ್ಟರ್ ಸರಿ ಇದ್ದರೆ ಪೆಡಲ್ ಕಾಲ ಕೆಳಗೆ ಸ್ವಲ್ಪ ಜಗ್ಗಿದಂತೆ ಇಳಿಯುತ್ತದೆ. ಏನೂ ಆಗಲಿಲ್ಲವಾ? ಬೂಸ್ಟರಿಗೆ ವ್ಯಾಕ್ಯೂಮ್ ಬರುತ್ತಿಲ್ಲ, ಅಥವಾ ಬೂಸ್ಟರ್ ಒಳಗಿನ ರಬ್ಬರ್ ಪರದೆ (ಡಯಾಫ್ರಮ್) ಹರಿದಿದೆ.

ಎರಡನೇದು ಸೋರಿಕೆ ಪರೀಕ್ಷೆ. ಎಂಜಿನ್ ಒಂದೆರಡು ನಿಮಿಷ ಓಡಿಸಿ ಬಂದ್ ಮಾಡಿ. ಐದು ನಿಮಿಷ ಚಹಾ ಕುಡಿದು ಬಂದು ಪೆಡಲ್ ತುಳಿಯಿರಿ. ಮೊದಲ ಒಂದೆರಡು ಸಲ ಹಗುರಾಗಿ ಹೋಗಬೇಕು, ಆಮೇಲೆ ಗಟ್ಟಿ ಆಗಬೇಕು. ಮೊದಲ ಸಲವೇ ಗಟ್ಟಿ ಇದ್ದರೆ ವ್ಯಾಕ್ಯೂಮ್ ನಿಲ್ಲುತ್ತಿಲ್ಲ. ಬೂಸ್ಟರ್ ಬಾಯಲ್ಲಿ ಪ್ಲಾಸ್ಟಿಕ್ಕಿನ ಒಂದು ನಾನ್ ರಿಟರ್ನ್ ವಾಲ್ವ್ ಇರುತ್ತದೆ. ಅದನ್ನು ಬಿಚ್ಚಿ ಬಾಯಿಂದ ಊದಿ ನೋಡಿ. ಒಂದೇ ಕಡೆಗೆ ಗಾಳಿ ಹೋಗಬೇಕು. ಎರಡೂ ಕಡೆ ಹೋದರೆ ವಾಲ್ವ್ ಹೋಗಿದೆ.

ಪೆಟ್ರೋಲ್ ಗಾಡಿ ಮತ್ತು ಡೀಸೆಲ್ ಗಾಡಿ ಬೇರೆಯಾಗುವುದು ಇಲ್ಲಿಯೇ. ಮಾರುತಿ ಜಿಪ್ಸಿಯಂಥ ಪೆಟ್ರೋಲ್ ಗಾಡಿಯಲ್ಲಿ ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಲೆಟ್ ಮ್ಯಾನಿಫೋಲ್ಡಿನಿಂದಲೇ ವ್ಯಾಕ್ಯೂಮ್ ಸಿಗುತ್ತದೆ. ಹಳೇ ಡೀಸೆಲ್ ಎಂಜಿನ್ ಹಾಗಲ್ಲ. ಅದರಲ್ಲಿ ಗಾಳಿಯನ್ನು ತಡೆಯುವ ಥ್ರಾಟಲ್ ಪ್ಲೇಟ್ ಇರುವುದಿಲ್ಲ, ಹಾಗಾಗಿ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಹುಟ್ಟುವುದಿಲ್ಲ. ಅದಕ್ಕೇ ಬೇರೆ ವ್ಯಾಕ್ಯೂಮ್ ಪಂಪ್ ಕೊಟ್ಟಿರುತ್ತಾರೆ, ಬಹಳ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ. ಇದರಿಂದ ಒಂದು ವಿಚಿತ್ರ ಆಗುತ್ತದೆ. ಬೆಲ್ಟ್ ಸಡಿಲ ಆದರೆ ಬ್ಯಾಟರಿ ಚಾರ್ಜ್ ಕಡಿಮೆ ಆಗುತ್ತದೆ, ಜೊತೆಗೆ ಬ್ರೇಕೂ ಗಟ್ಟಿ ಆಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಲೈಟ್ ಹತ್ತಿ, ಅದೇ ಹೊತ್ತಿಗೆ ಪೆಡಲ್ ಭಾರ ಆದರೆ ಗಾಡಿ ಬದಿಗೆ ಹಾಕಿ ಬೆಲ್ಟ್ ನೋಡಿ. ಎಲೆಕ್ಟ್ರಿಷಿಯನ್ ಹುಡುಕಿಕೊಂಡು ಅದೇ ಬ್ರೇಕಿನಲ್ಲಿ ಊರು ಸುತ್ತಬೇಡಿ.

ವ್ಯಾಕ್ಯೂಮ್ ಗೇಜ್ ಸಿಕ್ಕರೆ ಬೂಸ್ಟರ್ ಪೈಪಿಗೆ ಹಚ್ಚಿ ಐಡಲಿನಲ್ಲಿ ನೋಡಿ. ಪೆಟ್ರೋಲ್ ಗಾಡಿಯಲ್ಲಿ ಪಾದರಸದ ಲೆಕ್ಕದಲ್ಲಿ 18 ಇಂಚಿನ ಆಸುಪಾಸು ಬರಬೇಕು. ಒಳ್ಳೆಯ ಡೀಸೆಲ್ ಪಂಪ್ 20 ದಾಟುತ್ತದೆ. ಗೇಜ್ ಇಲ್ಲದಿದ್ದರೆ ಪೈಪ್ ಬಿಚ್ಚಿ ಹೆಬ್ಬೆರಳು ಇಡಿ. ಬೆರಳನ್ನು ಬಿಗಿಯಾಗಿ ಹೀರಿಕೊಳ್ಳಬೇಕು. ಪೈಪಿನೊಳಗೆ ಎಂಜಿನ್ ಆಯಿಲ್ ಕಂಡರೆ ಪಂಪ್ ಆಯಿಲ್ ಉಗುಳುತ್ತಿದೆ. ಅದು ಬೂಸ್ಟರಿನ ರಬ್ಬರನ್ನು ಹಾಳು ಮಾಡುವ ಮೊದಲೇ ರಿಪೇರಿ ಮಾಡಿಸಿ.

ನನ್ನ ಮೊದಲ ದೋಷ ಸಿಕ್ಕಿದ್ದು ಇಲ್ಲೇ. ಉಸ್ತಾದ್ ಬೂಸ್ಟರ್ ಪೈಪನ್ನು ಕ್ಲಿಪ್ಪಿನ ಹತ್ತಿರ ಹಿಡಿದು ಸುಮ್ನೆ ಮೇಲಕ್ಕೆ ಬಗ್ಗಿಸಿದರು. ಮೇಲಿನಿಂದ ಪೈಪ್ ಹೊಸದರಂತೆ ಇತ್ತು. ಅಡಿಯಲ್ಲಿ, ಕಣ್ಣಿಗೆ ಕಾಣದ ಕಡೆ, ಉಗುರಿನಷ್ಟು ಉದ್ದದ ಸೀಳು. ಬಗ್ಗಿಸಿದಾಗ ಬಾಯಿ ತೆರೆದು "ಸುಸ್" ಅಂತ ಗಾಳಿ ಎಳೆಯಿತು, ಬಿಟ್ಟಾಗ ಮುಚ್ಚಿಕೊಂಡಿತು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ, ಬಾನೆಟ್ ಕೆಳಗಿನ ಕಾವಿನಲ್ಲಿ, ರಬ್ಬರ್ ಒಣಗಿ ಬಿರಿಯದೇ ಏನು ಮಾಡುತ್ತದೆ ಹೇಳಿ. ಹೊಸ ಪೈಪಿಗೆ 160 ರೂಪಾಯಿ. ತಗೊಳ್ಳುವಾಗ ವ್ಯಾಕ್ಯೂಮ್ ಪೈಪ್ ಅಂತಲೇ ಕೇಳಿ. ನೀರಿನ ಪೈಪ್ ಹಾಕಿದರೆ ಎಳೆತಕ್ಕೆ ಚಪ್ಪಟೆ ಆಗಿ ಮುಚ್ಚಿಕೊಳ್ಳುತ್ತದೆ.

ಹಾಗೇ, ಇಳುಕಲಿನಲ್ಲಿ ಡೀಸೆಲ್ ಉಳಿಸಲು ಎಂಜಿನ್ ಬಂದ್ ಮಾಡಿ ಬಿಡುವ ಚಟ ಕೆಲವು ಹಳೇ ಡ್ರೈವರುಗಳಿಗೆ ಇದೆ. ಬೂಸ್ಟರ್ ಇರುವ ಗಾಡಿಯಲ್ಲಿ ಎರಡು ಮೂರು ಸಲ ತುಳಿದ ಮೇಲೆ ಸಹಾಯ ಮುಗಿಯಿತು. ಎರಡು ರೂಪಾಯಿ ಡೀಸೆಲಿಗೆ ಯಾಕೆ ಬೇಕು ಅಂಥ ಗಂಡಾಂತರ.

ಒದ್ದೆ ಎಲ್ಲಿದೆ ಹುಡುಕಿ

ಬ್ರೇಕ್ ಆಯಿಲ್ ಡಬ್ಬಿ ನೋಡಿ. ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಧೂಳು ಒರೆಸಿ. ಆಯಿಲ್ ಕಮ್ಮಿ ಆಗಿದ್ದರೆ ಎಲ್ಲೋ ಹೋಗಿದೆ ಅಂತಲೇ. ಡಿಸ್ಕ್ ಇರುವ ಗಾಡಿಯಲ್ಲಿ ಪ್ಯಾಡ್ ಸವೆದಂತೆ ಮಟ್ಟ ಸ್ವಲ್ಪ ಇಳಿಯುತ್ತದೆ, ಅದು ಸಹಜ. ದಿಢೀರ್ ಇಳಿದರೆ ಸಹಜ ಅಲ್ಲ.

ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಕೂಡುವ ಜಾಗದ ಕೆಳಗೆ ಬೆರಳು ಹಾಕಿ. ಅಲ್ಲಿ ಒದ್ದೆ ಇದ್ದು ಬಣ್ಣ ಎದ್ದಿದ್ದರೆ ಹಿಂದಿನ ಸೀಲ್ ಸೋರುತ್ತಿದೆ. ಆಮೇಲೆ ಗಾಡಿ ಕೆಳಗೆ ಬನ್ನಿ. ಕಬ್ಬಿಣದ ಪೈಪುಗಳು, ಚಾಸಿಯಿಂದ ಆಕ್ಸಲಿಗೆ ಬರುವ ರಬ್ಬರ್ ಹೋಸ್, ಪ್ರತಿ ಚಕ್ರದ ಒಳಮೈ. ಟೈರಿನ ಒಳಗೋಡೆ ಒದ್ದೆ ಇದ್ದರೆ ಆ ಚಕ್ರದ ಡ್ರಮ್ ಬಿಚ್ಚಲೇಬೇಕು.

ಒದ್ದೆ ಆಗಿದ್ದು ಯಾವ ಎಣ್ಣೆ ಅನ್ನುವುದನ್ನು ಮೂಗಿನಿಂದಲೇ ಹೇಳಬಹುದು. ಗೇರ್ ಆಯಿಲಿಗೆ ಗಂಧಕದ ಗಬ್ಬು ವಾಸನೆ, ಕೊಳೆತ ಉಳ್ಳಾಗಡ್ಡಿಯ ಹಾಗೆ, ಕೈಗೆ ದಪ್ಪಗೆ ಅಂಟುತ್ತದೆ. ಬ್ರೇಕ್ ಆಯಿಲ್ ತೆಳು, ನೀರು ಹಾಕಿದರೆ ತೊಳೆದುಹೋಗುತ್ತದೆ. ಗೇರ್ ಆಯಿಲ್ ಆದರೆ ಆಕ್ಸಲಿನ ಆಯಿಲ್ ಸೀಲ್ ಹೋಗಿದೆ. ಬ್ರೇಕ್ ಆಯಿಲ್ ಆದರೆ ವೀಲ್ ಸಿಲಿಂಡರ್. ಇದು ಗೊತ್ತಿಲ್ಲದೇ ಬರೀ ಶೂ ಬದಲಿಸಿದರೆ ಹೊಸ ಶೂ ಕೂಡ ಹದಿನೈದು ದಿನದಲ್ಲಿ ಎಣ್ಣೆ ಕುಡಿಯುತ್ತದೆ.

ಡ್ರಮ್ ಬಿಚ್ಚುವ ಮೊದಲು ಒಂದು ಕೈ ಪರೀಕ್ಷೆ

ಐದಾರು ಕಿ.ಮೀ. ಓಡಿಸಿ, ನಡುವೆ ಏಳೆಂಟು ಸಲ ಬ್ರೇಕ್ ಹಾಕಿ ನಿಲ್ಲಿಸಿ. ಇಳಿದು ನಾಲ್ಕೂ ಡ್ರಮ್ಮಿನ ಹತ್ತಿರ ಅಂಗೈ ಒಯ್ಯಿರಿ, ಮುಟ್ಟಬೇಡಿ. ಎಲ್ಲಾ ಬಿಸಿ ಇರಬೇಕು. ಮುಂದಿನವು ಹಿಂದಿನವಕ್ಕಿಂತ ಜಾಸ್ತಿ ಬಿಸಿ ಇರುವುದು ಸರಿ, ಏಕೆಂದರೆ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬರುತ್ತದೆ. ಆದರೆ ಎಡ ಬಲ ಒಂದೇ ಥರ ಇರಬೇಕು. ಒಂದು ಡ್ರಮ್ ತಣ್ಣಗಿದ್ದರೆ ಅದು ಕೆಲಸ ಕಳ್ಳ. ಒಂದು ಮಾತ್ರ ನೀರು ಚಿಮುಕಿಸಿದರೆ ಚುರ್ ಅನ್ನುವಷ್ಟು ಕಾದಿದ್ದರೆ ಅದು ಬಿಡದೇ ಹಿಡಿದುಕೊಂಡೇ ಇದೆ.

ನನ್ನ ಜೀಪಿನಲ್ಲಿ ಮುಂದಿನ ಎಡ ಡ್ರಮ್ ತಣ್ಣಗಿತ್ತು. ಅಂದಮೇಲೆ ಬ್ರೇಕ್ ಹಾಕಿದಾಗ ಸ್ಟೇರಿಂಗ್ ಬಲಕ್ಕೆ ಎಳೆಯುತ್ತಿದ್ದದ್ದು ಯಾಕೆ ಅಂತ ಅರ್ಥ ಆಯಿತು. ಗಾಡಿ ಯಾವ ಕಡೆ ಎಳೆಯುತ್ತದೋ ಆ ಕಡೆಯ ಬ್ರೇಕ್ ಸರಿ ಇರುತ್ತದೆ, ಅದರ ಎದುರಿನದು ಸತ್ತಿರುತ್ತದೆ. ಬಹಳ ಜನ ಎಳೆಯುವ ಕಡೆಯದನ್ನೇ ಬಿಚ್ಚುತ್ತಾರೆ. ನಾನೂ ಅದನ್ನೇ ಮಾಡುತ್ತಿದ್ದೆ.

ಡ್ರಮ್ ಒಳಗೆ

ಡ್ರಮ್ ಬರದಿದ್ದರೆ ಮೊದಲು ಶೂಗಳನ್ನು ಡ್ರಮ್ಮಿಗೆ ಹತ್ತಿರ ದೂರ ಮಾಡುವ ಅಡ್ಜಸ್ಟರ್ ಸಡಿಲ ಮಾಡಿ. ಒಳಗಿನ ಧೂಳನ್ನು ಏರ್ ಹೊಡೆದು ಹಾರಿಸಬೇಡಿ. ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ನೀರಿನಿಂದ ನೆನೆಸಿ ಒರೆಸಿ, ಆ ಬಟ್ಟೆ ಎಸೆಯಿರಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ. ಸ್ಪ್ರಿಂಗ್ ಯಾವ ತೂತಿಗೆ ಇತ್ತು ಅಂತ ಸಂಜೆ ಆರು ಗಂಟೆಗೆ ನೆನಪಿರುವುದಿಲ್ಲ. ಕೆಲವು ಗಾಡಿಗಳಲ್ಲಿ ಎರಡು ಶೂಗಳ ಲೈನರ್ ಉದ್ದವೂ ಬೇರೆ ಇರುತ್ತದೆ, ಅದಲು ಬದಲಾದರೆ ಬ್ರೇಕ್ ಸೋಲುತ್ತದೆ. ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡಿ. ಒಂದು ಕಡೆ ಹಾಗೇ ಇದ್ದರೆ ನೋಡಿಕೊಂಡು ಜೋಡಿಸಬಹುದು.

ಏನು ನೋಡಬೇಕು? ಲೈನರಿನ ದಪ್ಪ. ರಿವೆಟ್ ಹೊಡೆದ ಲೈನರ್ ಆದರೆ ರಿವೆಟ್ ತಲೆಯ ಮೇಲೆ 1.5 ಮಿ.ಮೀ. ಗಿಂತ ಕಡಿಮೆ ಉಳಿದಿದ್ದರೆ ಬದಲಿಸಿ. ಡಿಸ್ಕ್ ಪ್ಯಾಡ್ ಆದರೆ 3 ಮಿ.ಮೀ. ಗೆ ಬಂದಾಗ. ಲೈನರ್ ಮೇಲೆ ಕನ್ನಡಿಯಂಥ ಹೊಳಪಿದ್ದರೆ ಒರಟು ಪಾಲಿಶ್ ಪೇಪರಿನಿಂದ ಉಜ್ಜಿ ಹೊಳಪು ತೆಗೆಯಬಹುದು. ಲೈನರ್ ನಡುವೆ ಮಾತ್ರ ಸವೆದು ಎರಡೂ ತುದಿ ಹೊಸದರಂತಿದ್ದರೆ ಶೂ ಪೂರ್ತಿ ಡ್ರಮ್ಮಿಗೆ ಕೂರುತ್ತಿಲ್ಲ. ಲೇತಿನಲ್ಲಿ ಕೊರೆಸಿ ದೊಡ್ಡದಾದ ಡ್ರಮ್ಮಿಗೆ ಮಾಮೂಲಿ ಶೂ ಹಾಕಿದಾಗ ಹೀಗಾಗುತ್ತದೆ. ಡ್ರಮ್ಮಿಗೂ ಮಿತಿ ಇದೆ. ಬಹಳ ಡ್ರಮ್ಮುಗಳ ಮೇಲೆ ಗರಿಷ್ಠ ಒಳ ವ್ಯಾಸ ಅಚ್ಚು ಹಾಕಿರುತ್ತಾರೆ. ಅದನ್ನು ದಾಟಿದ್ದರೆ, ಬಿರುಕು ಕಂಡರೆ, ಇನ್ನೊಮ್ಮೆ ಲೇತಿಗೆ ಕೊಡಬೇಡಿ.

ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಎತ್ತಿ ನೋಡಿ. ಒಳಗೆ ಆಯಿಲ್ ಹನಿಗಟ್ಟಿದ್ದರೆ ಕಿಟ್ (ಒಳಗಿನ ರಬ್ಬರ್ ಸೀಲುಗಳು) ಹೋಗಿದೆ. ಒಳಗೆ ಗುಳಿ ಬಿದ್ದಿದ್ದರೆ ಬರೀ ಕಿಟ್ ಹಾಕಿ ಉಪಯೋಗವಿಲ್ಲ, ಸಿಲಿಂಡರೇ ಬೇಕು.

ಹೊಲಕ್ಕೆ ಹೋಗುವ ಗಾಡಿಯಾದರೆ ಎರೆ ಮಣ್ಣಿನ ಕಥೆ ಬೇರೆಯೇ ಇದೆ. ಮಳೆಗಾಲದಲ್ಲಿ ತೊಗರಿ ಹೊಲದ ದಾರಿಯಲ್ಲಿ ಹೋಗಿ ಬಂದರೆ ಡ್ರಮ್ ಒಳಗೂ ಆ ಕರಿ ಮಣ್ಣು ಸೇರುತ್ತದೆ. ಒಣಗಿದ ಮೇಲೆ ಇಟ್ಟಂಗಿಯಂತೆ ಗಟ್ಟಿ. ಅಡ್ಜಸ್ಟರಿನ ಹಲ್ಲು ಮುಚ್ಚಿಹೋಗಿರುತ್ತದೆ, ಶೂ ಸರಿದಾಡುವುದಿಲ್ಲ. ಶಹಾಬಾದ್, ವಾಡಿ, ಸೇಡಂ ಕಡೆಯವರಿಗೆ ಕಲ್ಲಿನ ಪುಡಿ, ಸಿಮೆಂಟ್ ಧೂಳು. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ನಾಲ್ಕೂ ಡ್ರಮ್ ಬಿಚ್ಚಿ ಸ್ವಚ್ಛ ಮಾಡುವುದೇ ಒಂದು ರಿಪೇರಿ. ಹಳ್ಳ ದಾಟಿದ ಮೇಲೆ ಬ್ರೇಕ್ ಸ್ವಲ್ಪ ಹೊತ್ತು ಹಿಡಿಯದಿದ್ದರೆ ಗಾಬರಿ ಬೇಡ, ಶೂ ಒದ್ದೆಯಾಗಿರುತ್ತದೆ. ನಿಧಾನಕ್ಕೆ ಓಡಿಸುತ್ತಾ ಪೆಡಲ್ ಹಗುರಾಗಿ ಒತ್ತಿ ಒಣಗಿಸಿ.

ನನ್ನ ಎರಡನೇ ದೋಷ ಇಲ್ಲಿತ್ತು. ಮುಂದಿನ ಎಡ ಡ್ರಮ್ ಬಿಚ್ಚಿದಾಗ ಹಬ್ಬಿನ ಸೀಲ್ ಹರಿದು ಗ್ರೀಸ್ ಶೂಗಳ ಮೇಲೆಲ್ಲಾ ಹರಡಿತ್ತು. ಲೈನರ್ ಬಿರುಸಾಗಿ ಕಾಣುವ ಬದಲು ಕರಿ ಹೋಳಿಗೆಯಂತೆ ಮೆತ್ತಗೆ ಹೊಳೆಯುತ್ತಿತ್ತು. ಪೆಟ್ರೋಲಿನಲ್ಲಿ ತೊಳೆದರೆ ಆಗದೇ ಅಂತ ಕೇಳಿದೆ. ಉಸ್ತಾದ್ ನಕ್ಕರು. "ಮ್ಯಾಲಿಂದ ಹೋಗ್ತದರೀ, ಒಳಗಿಂದು ಕಾದ ಮ್ಯಾಲ ಮತ್ತ ಹೊರಗ ಬರ್ತದ." ಎಣ್ಣೆ ಕುಡಿದ ಲೈನರ್ ಬದಲಿಸುವುದೇ ದಾರಿ. ಅದೂ ಜೋಡಿಯಾಗಿ, ಎಡ ಬಲ ಎರಡೂ. ಒಂದೇ ಕಡೆ ಹೊಸದು ಹಾಕಿದರೆ ಈಗ ಇನ್ನೊಂದು ಕಡೆಗೆ ಎಳೆಯುತ್ತದೆ.

ಜೋಡಿಸಿದ ಮೇಲೆ ಅಡ್ಜಸ್ಟ್. ಚಕ್ರ ಎತ್ತಿ, ಹ್ಯಾಂಡ್ ಬ್ರೇಕ್ ಬಿಟ್ಟು, ಅಡ್ಜಸ್ಟರ್ ತಿರುಗಿಸುತ್ತಾ ಹೋಗಿ. ಚಕ್ರ ಕೈಯಲ್ಲಿ ತಿರುಗದಷ್ಟು ಬಿಗಿಯಾಗುತ್ತದೆ. ಅಲ್ಲಿಂದ ಸ್ವಲ್ಪ ಸ್ವಲ್ಪ ಹಿಂದಕ್ಕೆ ಬನ್ನಿ. ಚಕ್ರ ತಿರುಗಬೇಕು, ಶೂ ಡ್ರಮ್ಮಿಗೆ ತಾಗಿ "ಸರ್ ಸರ್" ಅನ್ನುವ ಸಣ್ಣ ಸದ್ದು ಮಾತ್ರ ಬರಬೇಕು. ಒಮ್ಮೆ ಪೆಡಲ್ ಜೋರಾಗಿ ತುಳಿದು ಶೂಗಳನ್ನು ಕೂರಿಸಿ, ಮತ್ತೆ ನೋಡಿ. ಹೊಸ ಶೂ ಮೊದಲ 200–300 ಕಿ.ಮೀ. ಪೂರ್ತಿ ಕಚ್ಚುವುದಿಲ್ಲ, ಅಲ್ಲಿಯವರೆಗೆ ಮುಂದಿನ ಗಾಡಿಗೆ ಅಂತರ ಇಟ್ಟು ಓಡಿಸಿ.

ಬಿಡದೇ ಹಿಡಿದುಕೊಂಡ ಚಕ್ರ

ಇದು ಚಿಕ್ಕ ಪರೀಕ್ಷೆ. ಎತ್ತಿದ ಚಕ್ರ ತಿರುಗುತ್ತಿಲ್ಲ ಅಂದರೆ ಆ ಚಕ್ರದ ಬ್ಲೀಡರ್ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ಸಣ್ಣ ಸ್ಕ್ರೂ) ಸಡಿಲ ಮಾಡಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒಳಗೆ ಒತ್ತಡ ಸಿಕ್ಕಿಹಾಕಿಕೊಂಡಿತ್ತು. ಹಳೇ ರಬ್ಬರ್ ಹೋಸ್ ಒಳಗಡೆ ಊದಿ ತೂತು ಮುಚ್ಚಿದಾಗ ಹೀಗಾಗುತ್ತದೆ: ತುಳಿದರೆ ಆಯಿಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ. ಹೊರಗಿನಿಂದ ಹೋಸ್ ಚೆನ್ನಾಗೇ ಕಾಣುತ್ತದೆ. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಡದಿದ್ದರೆ ಪಿಸ್ಟನ್ನೋ, ಶೂನೋ, ಹ್ಯಾಂಡ್ ಬ್ರೇಕ್ ಕೇಬಲ್ಲೋ ಕಚ್ಚಿದೆ.

ಆಯಿಲ್ ಮತ್ತು ಏರ್

ಹೊಸ ಬ್ರೇಕ್ ಆಯಿಲ್ ತಿಳಿ ಜೇನಿನ ಬಣ್ಣ. ನಿಮ್ಮ ಡಬ್ಬಿಯಲ್ಲಿರುವುದು ಕರಿ ಚಹಾದಂತಿದ್ದರೆ ಬದಲಿಸುವ ಕಾಲ ಎಂದೋ ಮುಗಿದಿದೆ. ಈ ಆಯಿಲ್ ಗಾಳಿಯಲ್ಲಿನ ನೀರನ್ನು ಹೀರುತ್ತದೆ. ನೀರು ಸೇರಿದಂತೆ ಕುದಿಯುವ ಬಿಂದು ಇಳಿಯುತ್ತದೆ. ಡಾಟ್ ಅನ್ನುವುದು ಬ್ರೇಕ್ ಆಯಿಲಿನ ದರ್ಜೆ. ಡಾಟ್ 3 ಆಯಿಲಿಗೆ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ನೀರು ಕುಡಿದ ಮೇಲೆ 140. ಡಾಟ್ 4ಕ್ಕೆ 230 ಮತ್ತು 155. ಎರಡು ವರ್ಷಕ್ಕೊಮ್ಮೆ ಬದಲಿಸಿ. ಒಡೆದು ತಿಂಗಳುಗಟ್ಟಲೆ ಇಟ್ಟ ಬಾಟ್ಲಿಯ ಆಯಿಲ್ ಹಾಕಬೇಡಿ. ದಾರಿಯಲ್ಲಿ ಆಯಿಲ್ ಸಿಗಲಿಲ್ಲ ಅಂತ ಎಂಜಿನ್ ಆಯಿಲ್, ಡೀಸೆಲ್ ಹಾಕುವವರಿದ್ದಾರೆ. ಒಳಗಿನ ಅಷ್ಟೂ ರಬ್ಬರ್ ಊದಿ, ಮಾಸ್ಟರಿನಿಂದ ವೀಲ್ ಸಿಲಿಂಡರಿನವರೆಗೆ ಎಲ್ಲಾ ಬದಲಿಸಬೇಕಾಗುತ್ತದೆ.

ಏರ್ ತೆಗೆಯಲು ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು. ನಮ್ಮ ಬಲಗಡೆ ಸ್ಟೇರಿಂಗ್ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ನಿಪ್ಪಲಿಗೆ ಪಾರದರ್ಶಕ ಪೈಪ್ ಹಾಕಿ ಅದರ ತುದಿ ಆಯಿಲ್ ಇರುವ ಬಾಟ್ಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲ್ ಒತ್ತಿ ಹಿಡಿದು "ಹಿಡಿದೀನಿ" ಅನ್ನಬೇಕು. ಇನ್ನೊಬ್ಬರು ನಿಪ್ಪಲ್ ಬಿಚ್ಚಿ, ಗುಳ್ಳೆ ಬಂದ ಮೇಲೆ ಬಿಗಿದು, "ಬಿಡು" ಅಂದ ಮೇಲಷ್ಟೇ ಪೆಡಲ್ ಬಿಡಬೇಕು. ಮೊದಲೇ ಬಿಟ್ಟರೆ ತೆಗೆದ ಗಾಳಿ ಮತ್ತೆ ಒಳಗೆ. ನಾನು ಮತ್ತು ನನ್ನ ಅಳಿಯ ಮೊದಲ ಸಲ ಹೀಗೆ ಅರ್ಧ ಗಂಟೆ ಸುಮ್ನೆ ಕಳೆದೆವು, ಅವನ ಕಿವಿಯಲ್ಲಿ ಇಯರ್‌ಫೋನ್ ಇತ್ತು. ನಡುನಡುವೆ ಡಬ್ಬಿ ಖಾಲಿ ಆಗದಂತೆ ತುಂಬುತ್ತಿರಿ. ಹಿಂದಿನ ಆಕ್ಸಲಿನಿಂದ ಕಡ್ಡಿಯೊಂದು ಬಂದು ಚಾಸಿಯ ಮೇಲಿನ ವಾಲ್ವಿಗೆ ಕೂಡಿದ್ದರೆ ಅದು ಭಾರ ನೋಡಿ ಹಿಂದಿನ ಬ್ರೇಕ್ ಹೆಚ್ಚು ಕಮ್ಮಿ ಮಾಡುವ ವಾಲ್ವ್. ಸಸ್ಪೆನ್ಷನ್ ಎತ್ತರಿಸಿದ ಗಾಡಿಯಲ್ಲಿ ಆ ಕಡ್ಡಿ ಕೆಳಗೆ ಉಳಿದು, ಗಾಡಿ ಖಾಲಿ ಇದೆ ಅಂತ ವಾಲ್ವ್ ತಿಳಿದುಕೊಂಡು, ಹಿಂದಿನ ಬ್ರೇಕ್ ಕಡಿಮೆ ಮಾಡಿಬಿಡುತ್ತದೆ.

ಟೈರು, ನಾವೇ ಮಾಡಿಕೊಂಡಿದ್ದು

ಮೂರನೇ ದೋಷ ನನ್ನದೇ. ಚೆಂದ ಕಾಣಲಿ ಅಂತ 28 ಇಂಚಿನ ಟೈರ್ ಇದ್ದ ಜಾಗಕ್ಕೆ 31 ಇಂಚಿನದು ಹಾಕಿಸಿದ್ದೆ. ಡ್ರಮ್ ಅಷ್ಟೇ ಇದೆ, ಚಕ್ರ ದೊಡ್ಡದಾಯಿತು. ಅದೇ ಪೆಡಲ್ ಬಲಕ್ಕೆ ನೆಲದ ಮೇಲಿನ ಹಿಡಿತ ಸುಮಾರು ಶೇ. 10 ಕಡಿಮೆ. ಸ್ಪೀಡೋಮೀಟರ್ ಕೂಡ ಅಷ್ಟೇ ಕಡಿಮೆ ತೋರಿಸುತ್ತದೆ, ಅಂದರೆ 60 ಅಂತ ತಿಳಿದು 66ರಲ್ಲಿ ಹೋಗುತ್ತಿರುತ್ತೇವೆ. ಇದಕ್ಕೆ ಯಾವ ಮಿಸ್ತ್ರಿಯೂ ಬ್ರೇಕ್ ಬಿಚ್ಚಿ ಉತ್ತರ ಹುಡುಕಲಾರ. ನಾನು ಹಳೇ ಅಳತೆಗೇ ವಾಪಸ್ ಬಂದೆ. ಮನೆಯಲ್ಲಿ ಇನ್ನೂ ಅದರ ಬಗ್ಗೆ ಮಾತು ಕೇಳುತ್ತಿದ್ದೇನೆ.

ಇಳುಕಲಿನಲ್ಲಿ ಮಾತ್ರ ಸೋಲುವ ಬ್ರೇಕ್

ತಣ್ಣಗಿದ್ದಾಗ ಸರಿ, ಉದ್ದ ಇಳುಕಲಿನಲ್ಲಿ ಸೋಲುತ್ತದೆ ಅಂದರೆ ಮತ್ತೆ ಪೆಡಲನ್ನೇ ಗಮನಿಸಿ. ಪೆಡಲ್ ಗಟ್ಟಿಯೇ ಇದ್ದು ಗಾಡಿ ನಿಲ್ಲದಿದ್ದರೆ ಲೈನರ್ ಕಾದು ಹಿಡಿತ ಕಳೆದುಕೊಂಡಿದೆ. ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋದರೆ ಆಯಿಲ್ ಕುದ್ದು ಆವಿ ಆಗಿದೆ, ಹಳೇ ಆಯಿಲಿನ ಕೆಲಸ. ಎರಡಕ್ಕೂ ಆ ಹೊತ್ತಿನ ಮದ್ದು ಒಂದೇ: ನಿಲ್ಲಿಸಿ ಆರಲು ಬಿಡಿ, ಬಿಸಿ ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಆಮೇಲೆ ಸಣ್ಣ ಗೇರಿನಲ್ಲಿ ಇಳಿಯಿರಿ. ಮಣ್ಣಿನ ಕಡಿದಾದ ದಾರಿಯಾದರೆ ಫೋರ್ ವೀಲ್ ಲೋ ಹಾಕಿ. ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ.

ಮತ್ತೆ ರಸ್ತೆಗೆ

ಎಲ್ಲಾ ಮುಗಿದ ಮೇಲೆ ಮೊದಲು ಗೇಟಿನೊಳಗೇ ನಾಲ್ಕು ಸಲ ತುಳಿಯಿರಿ. ಆಮೇಲೆ ಅದೇ ಖಾಲಿ ರಸ್ತೆಗೆ, 20ಕ್ಕೆ, ನಂತರ 40ಕ್ಕೆ. ಒಮ್ಮೆ ಸ್ಟೇರಿಂಗನ್ನು ಹಗುರಾಗಿ ಹಿಡಿದು ಬ್ರೇಕ್ ಹಾಕಿ, ಎಳೆತ ಇದೆಯಾ ನೋಡಿ. ವಾಪಸ್ ಬಂದು ಮತ್ತೆ ನಾಲ್ಕೂ ಡ್ರಮ್ಮಿಗೆ ಅಂಗೈ ಒಯ್ಯಿರಿ, ಪ್ರತಿ ಚಕ್ರದ ಹಿಂದೆ ಒದ್ದೆ ಹುಡುಕಿ. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಡಬ್ಬಿಯ ಮಟ್ಟ ಇನ್ನೊಮ್ಮೆ. 15 ವರ್ಷ ದಾಟಿದ ಖಾಸಗಿ ಗಾಡಿಯ ಆರ್‌ಸಿ ರಿನ್ಯೂವಲ್‌ಗೆ ಹೇಗೂ ಬ್ರೇಕ್ ತೋರಿಸಬೇಕು. ಆ ತಾರೀಖಿಗೆ ಒಂದು ತಿಂಗಳು ಮೊದಲೇ ಇದನ್ನೆಲ್ಲಾ ಮುಗಿಸಿಟ್ಟರೆ ಓಡಾಟ ಕಡಿಮೆ.

ನಮ್ಮ ಜೀಪಿಗೆ ಕೊನೆಗೆ ಬಿದ್ದ ಖರ್ಚು ಒಂದು ವ್ಯಾಕ್ಯೂಮ್ ಪೈಪ್, ಎರಡು ಹಬ್ ಸೀಲ್, ಮುಂದಿನ ಒಂದು ಸೆಟ್ ಶೂ, ಒಂದು ಬಾಟ್ಲಿ ಡಾಟ್ 3. ಹೋದ ವಾರ ಮತ್ತೆ ಚಂದ್ರಂಪಳ್ಳಿಗೆ ಹೋಗಿದ್ದೆವು. ಇಳುಕಲಿನಲ್ಲಿ ಬ್ರೇಕ್ ತುಳಿದೆ. ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಅಳಿಯನ ಹಣೆ ಮುಂದಿನ ಸೀಟಿಗೆ ಬಡಿಯಿತು.